ಮಾತು-ಕತೆ: ಗಾಲ್ವೇಯ ಫಲಕದಲ್ಲಿರುವ ಭಾಷೆ

ಪ್ರಶ್ನೆ: ಟೀಚರಿಗೆ ನಮಸ್ಕಾರ. ನನ್ನ ಮಗಳು ಓದಲು ಐರ್ಲೆಂಡಿನ ಗಾಲ್ವೇಗೆ ಹೋಗಿದ್ದಾಳೆ. ಅವಳು ಕಳುಹಿಸಿದ ಚಿತ್ರಗಳಲ್ಲಿ ರಸ್ತೆಯ ಫಲಕದ ಮೇಲೆ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಕಾಣುತ್ತದೆ. ಗೇಲಿಕ್ ಎಂದಳು. ಅದು ಹಳೆಯ ಇಂಗ್ಲಿಷೇ? ಅದನ್ನು ಆಡುವವರು ಈಗಲೂ ಇದ್ದಾರೆಯೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಹಳೆಯ ಇಂಗ್ಲಿಷ್ ಖಂಡಿತ ಅಲ್ಲ. ಮಗಳು ಗೇಲಿಕ್ ಎಂದದ್ದು ಐರಿಷ್ ಭಾಷೆಯನ್ನು. ಇಂಗ್ಲಿಷ್ ಜರ್ಮನ್ ಕಡೆಯ ನೆಂಟ, ಗೇಲಿಕ್ ಕೆಲ್ಟಿಕ್ ಮನೆತನದ್ದು. ಐರ್ಲೆಂಡಿನ ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾನ್ ದ್ವೀಪದ ಮ್ಯಾಂಕ್ಸ್, ಈ ಮೂರೂ ಒಂದೇ ತಾಯಿಯ ಮಕ್ಕಳು. ಐರ್ಲೆಂಡಿನ ಹಳೆಯ ಕಲ್ಲುಗಳ ಅಂಚಿನಲ್ಲಿ ಗೀರು ಗೀರಾಗಿ ಕೊರೆದ ಓಘಮ್ ಲಿಪಿಯಲ್ಲಿ ಆ ತಾಯಿಯ ರೂಪ ಉಳಿದಿದೆ. ದೂರದ ಸಂಬಂಧದಲ್ಲಿ ಸಂಸ್ಕೃತಕ್ಕೂ ಅದು ಬಂಧು: ಐರಿಷಿನಲ್ಲಿ ಮೂರಕ್ಕೆ ‘ತ್ರೀ’; ಹಣಕ್ಕಿರುವ ‘ಅರಿಗಿದ್’ ನಮ್ಮ ರಜತದ ಒಡಹುಟ್ಟು.

ನನಗೆ ಬಹಳ ಇಷ್ಟವಾದದ್ದು ಅದರ ವಾಕ್ಯ. ‘ನನಗೆ ಹಣವಿದೆ’ ಎನ್ನಲು ಅವರು ‘ಟಾ ಅರಿಗಿದ್ ಅಗಮ್’ ಎನ್ನುತ್ತಾರೆ. ‘ಟಾ’ ಎಂದರೆ ಇದೆ, ‘ಅಗಮ್’ ಎಂದರೆ ನನ್ನಲ್ಲಿ. ನಾವು ತುಳುವಿನಲ್ಲಿ ‘ಎನ್ನಡ ದುಡ್ಡು ಉಂಡು’ ಎನ್ನುವುದಿಲ್ಲವೇ? ಎನ್ನಡ, ಅಗಮ್. ನೆಂಟಸ್ತಿಕೆ ಇಲ್ಲದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ಯೋಚಿಸಿವೆ.

ಇನ್ನು ಆಡುವವರ ಮಾತು. 2022ರ ಐರ್ಲೆಂಡ್ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದಿದ್ದಾರೆ. ನಮ್ಮ 2011ರ ಗಣತಿಯಲ್ಲಿ ತುಳುವರ ಸಂಖ್ಯೆ 18.5 ಲಕ್ಷದ ಹತ್ತಿರ. ಎರಡೂ ಒಂದೇ ಅಳತೆಯವು ಎಂದುಕೊಳ್ಳಬೇಡಿ. ಶಾಲೆಯ ಹೊರಗೆ ದಿನವೂ ಐರಿಷ್ ಆಡುವವರು ಅಲ್ಲಿ 72 ಸಾವಿರ ಮಾತ್ರ. ಅಲ್ಲಿನ ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆ, ಯುರೋಪಿಯನ್ ಒಕ್ಕೂಟದಲ್ಲಿ ಅದಕ್ಕೆ ಮಾನ್ಯತೆ, 1996ರಿಂದ ಸಾರ್ವಜನಿಕ ಟಿ.ವಿ. ವಾಹಿನಿ; ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಇನ್ನೂ ಕಾಯುತ್ತಿರುವ ತುಳುವಿಗೆ ಇಂಥ ಮನ್ನಣೆ ಇಲ್ಲ. ಆದರೂ ಅವರ ಅಡುಗೆಮನೆಯಲ್ಲಿ ಭಾಷೆ ಬತ್ತಿದೆ.

ಕಾರಣ ಹಲವು. 1845ರಿಂದ ಬಂದ ಆಲೂಗಡ್ಡೆಯ ಬರಗಾಲ ಐರಿಷ್ ಆಡುತ್ತಿದ್ದ ಬಡವರನ್ನೇ ಹೆಚ್ಚು ಬಲಿ ತೆಗೆದುಕೊಂಡಿತು, ಉಳಿದವರನ್ನು ಹಡಗು ಹತ್ತಿಸಿತು. ಶಾಲೆಗಳಲ್ಲಿ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಆಡಿದಾಗಲೆಲ್ಲ ಅದರ ಮೇಲೆ ಗೀರು ಹಾಕಿ, ಗೀರುಗಳನ್ನು ಎಣಿಸಿ ಹೊಡೆಯುತ್ತಿದ್ದರು. ನಾನು ಐದನೆಯ ತರಗತಿಯಲ್ಲಿ ತುಳು ಮಾತಾಡಿದ್ದಕ್ಕೆ ಹತ್ತು ಪೈಸೆ ದಂಡ ತೆತ್ತವಳು. ಅಮ್ಮ ಸೆರಗಿನ ಗಂಟು ಬಿಚ್ಚಿ ಆ ನಾಣ್ಯವನ್ನು ಕೈಗಿಟ್ಟದ್ದು ಇನ್ನೂ ಕಣ್ಣ ಮುಂದಿದೆ. ಏನೂ ಹೇಳಲಿಲ್ಲ. ಮರುದಿನದಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡಲು ತಡವರಿಸತೊಡಗಿದರು.

ಮ್ಯಾಂಕ್ಸ್ ತಾಯ್ನುಡಿಯಾಗಿದ್ದ ಕೊನೆಯ ವ್ಯಕ್ತಿ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಆದರೆ ಅವರಂಥ ಹಿರಿಯರ ದನಿ ಮುದ್ರಣಗೊಂಡಿತ್ತು, ಕಲಿಯುವ ಹುರುಪಿನವರೂ ಇದ್ದರು. ಇಂದು ಆ ದ್ವೀಪದಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೇ ನಡೆಯುತ್ತಿದೆ. 2009ರಲ್ಲಿ ಯುನೆಸ್ಕೊ ಆ ಭಾಷೆ ಅಳಿದಿದೆ ಎಂದಾಗ ಆ ಶಾಲೆಯ ಮಕ್ಕಳು, ಹಾಗಾದರೆ ನಾವು ಬರೆಯುತ್ತಿರುವುದು ಯಾವ ಭಾಷೆ ಎಂದು ಪತ್ರ ಬರೆದರು. ಯುನೆಸ್ಕೊ ಮಾತು ತಿದ್ದಿಕೊಂಡಿತು.

ಗಾಲ್ವೇಯ ಪಶ್ಚಿಮಕ್ಕೆ ಕರಾವಳಿಯುದ್ದಕ್ಕೂ ಐರಿಷ್ ಆಡುವ ಊರುಗಳಿವೆ. ರಜೆಯಲ್ಲಿ ಮಗಳು ಬಸ್ಸು ಹತ್ತಿ ಸ್ಪಿಡಲ್‌ಗೆ ಹೋಗಲಿ. ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ ‘ಗುರೆವ್ ಮಾ ಅಗತ್’ ಎನ್ನಲಿ. ಧನ್ಯವಾದಕ್ಕೆ ಅವರು ಹೇಳುವುದು ಅದನ್ನೇ: ನಿನ್ನಲ್ಲಿ ಒಳಿತಿರಲಿ.