ಡ್ರೋನ್, ಏರ್ ಟ್ಯಾಕ್ಸಿ ಹೆಚ್ಚಾದರೆ ಇನ್ನಷ್ಟು ಏರ್ ಟ್ರಾಫಿಕ್ ಕಂಟ್ರೋಲರ್‌ಗಳನ್ನು ನೇಮಿಸಿದರೆ ಸಾಲದೇ? ವ್ಯವಸ್ಥೆಯನ್ನೇ ಯಾಕೆ ಬದಲಿಸಬೇಕು?

ಸಾಲದು. ಮೂಡಿಗೆರೆ, ಸಕಲೇಶಪುರದ ಕಡೆ ತೋಟ, ಗದ್ದೆಗಳಲ್ಲಿ ಡ್ರೋನ್ ಸರ್ವೆ ಮಾಡುವುದು, ಔಷಧಿ ಹೊಡೆಯುವುದು ನನ್ನ ಕೆಲಸ. ನೆಲದ ಹತ್ತಿರ ಹಾರಿಸುವವನಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಈಗಿನ ಏರ್ ಟ್ರಾಫಿಕ್ ಕಂಟ್ರೋಲ್ ಬಹುಪಾಲು ನಡೆಯುವುದು ಮಾತಿನಲ್ಲಿ. ಕಂಟ್ರೋಲರ್ ರೇಡಾರ್ ನೋಡಿ ರೇಡಿಯೊದಲ್ಲಿ ಹೇಳುತ್ತಾರೆ, ಪೈಲಟ್ ಅದನ್ನೇ ತಿರುಗಿ ಹೇಳಿ ಒಪ್ಪುತ್ತಾರೆ. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರದೇ ಮಾತು. ಎರಡು ವಿಮಾನಗಳ ಎತ್ತರದ ನಡುವೆ ಸಾಮಾನ್ಯವಾಗಿ 1,000 ಅಡಿ ಅಂತರ ಇರಬೇಕು. ಗ್ರೀನ್ ಝೋನ್‌ನಲ್ಲಿ, ಅಂದರೆ ಹಾರಿಸಲು ಮೊದಲೇ ಅನುಮತಿ ಬೇಡದ ಜಾಗದಲ್ಲಿ, ಡ್ರೋನ್‌ಗೆ ಸಿಕ್ಕಿರುವ ಆಕಾಶವೇ ಒಟ್ಟು 400 ಅಡಿ, ಅಂದರೆ ಸುಮಾರು 120 ಮೀಟರ್! ಸಾಲದ್ದಕ್ಕೆ, ಗುಡ್ಡದ ಮರೆಯಲ್ಲಿ ಇಷ್ಟು ತಗ್ಗಿನಲ್ಲಿ ಹಾರುವುದು ದೂರದ ರೇಡಾರ್‌ಗೆ ಕಾಣುವುದಿಲ್ಲ. ಎಷ್ಟು ಜನ ಕಂಟ್ರೋಲರ್ ಕೂತರೂ ಕಾಣದ್ದನ್ನು ಹೇಗೆ ನಿಭಾಯಿಸುತ್ತಾರೆ?

ನನ್ನ ಪ್ರಕಾರ ಮೊದಲು ಬಗೆಹರಿಯಬೇಕಾದದ್ದು ಎತ್ತರದ ಲೆಕ್ಕ. ವಿಮಾನ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ನಿಯಮದ 120 ಮೀಟರ್ ನೆಲದಿಂದ. ಡ್ರೋನಿನ ರಿಮೋಟ್ ಸಾಮಾನ್ಯವಾಗಿ ತೋರಿಸುವುದು ಹೊರಟ ಜಾಗದಿಂದ. ಬಯಲುಸೀಮೆಯಲ್ಲಿ ಕೊನೆಯ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಬರದು. ಮಲೆನಾಡಿನಲ್ಲಿ ಹಾಗಲ್ಲ. ಗುಡ್ಡದ ಮೇಲಿನ ಕಾಫಿ ಕಣದಿಂದ ಡ್ರೋನ್ ಎಬ್ಬಿಸಿ, 60 ಮೀಟರ್ ಏರಿಸಿ ಕಣಿವೆಯ ಕಡೆ ಬಿಟ್ಟಿರಿ ಎಂದುಕೊಳ್ಳಿ. ಕೆಳಗಿನ ಗದ್ದೆ ಕಣಕ್ಕಿಂತ 100 ಮೀಟರ್ ತಗ್ಗಿನಲ್ಲಿದ್ದರೆ ರಿಮೋಟ್‌ನಲ್ಲಿ 60 ಎಂದೇ ಇರುತ್ತದೆ. ನೆಲದಿಂದ ಡ್ರೋನ್ ಇರುವುದು 160 ಮೀಟರ್ ಮೇಲೆ. ಅದೇ ಹೊತ್ತಿಗೆ ಹೆಲಿಕಾಪ್ಟರ್ ಬಂದರೆ ಎರಡರ ಅಂಕಿಯೂ ಅದರದರ ಲೆಕ್ಕದಲ್ಲಿ ಸರಿ, ಆದರೆ ಎರಡೂ ಒಂದೇ ಮಟ್ಟದಲ್ಲಿ ಇರಬಹುದು. ಎಲ್ಲರಿಗೂ ಒಂದೇ ಅಳತೆಗೋಲು ಬೇಕು, ಅದನ್ನು ಕೊಡಬಲ್ಲದ್ದು ಉಪಗ್ರಹ. ಜಿಪಿಎಸ್‌ನ ತಪ್ಪು ತಿದ್ದುವ ನಮ್ಮ ಗಗನ್ ವ್ಯವಸ್ಥೆ ಜೀಸ್ಯಾಟ್-8ರಂಥ ಉಪಗ್ರಹಗಳ ಮೂಲಕ ನಡೆಯುತ್ತದೆ. ಆ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್. ನಮ್ಮ ಪಕ್ಕದಲ್ಲೇ ಇಂಥ ಕೆಲಸ ನಡೆಯುತ್ತಿದೆ ಎಂದು ನನಗೆ ನಿಜಕ್ಕೂ ಹೆಮ್ಮೆ.

ಇನ್ನು ಅನುಮತಿಯ ವಿಷಯ. 2021ರ ಡ್ರೋನ್ ನಿಯಮ ಬಂದ ಮೇಲೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಆನ್‌ಲೈನ್ ನಕ್ಷೆಯಲ್ಲಿ ಗ್ರೀನ್, ಯೆಲ್ಲೊ (ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಬೇಕು), ರೆಡ್ (ಕೇಂದ್ರ ಸರ್ಕಾರದ ಅನುಮತಿ ಬೇಕು) ಝೋನ್‌ಗಳಿವೆ. ಅಗತ್ಯ ಬಿದ್ದರೆ ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ರೆಡ್ ಝೋನ್ ಘೋಷಿಸಬಹುದು. ಹಾರಿಸುವ ಮುಂಚೆ ನಕ್ಷೆ ನೋಡುವ ಜವಾಬ್ದಾರಿ ಹಾರಿಸುವವನದೇ. ಮುಂದಿನ ಹೆಜ್ಜೆ ಯುಟಿಎಂ, ಅಂದರೆ ಡ್ರೋನ್‌ಗಳ ಸಂಚಾರ ನಿಭಾಯಿಸುವ ವ್ಯವಸ್ಥೆ: ನೀವು ಹಾರುವ ದಾರಿಯನ್ನು ಮೊದಲೇ ಹಾಕುತ್ತೀರಿ, ಬೇರೆಯವರ ದಾರಿಗೆ ಅಡ್ಡ ಬರುತ್ತದೆಯೇ ಎಂದು ಸಾಫ್ಟ್‌ವೇರೇ ನೋಡುತ್ತದೆ. ಇದರ ನೀತಿಯೂ 2021ರಲ್ಲೇ ಬಂತು.

ಒಂದು ಮಾತು ಮಾತ್ರ ಬೆಂಗಳೂರು, ದಿಲ್ಲಿಯಲ್ಲಿ ಕೂತು ಇದನ್ನು ರೂಪಿಸುವವರ ಕಿವಿಗೆ ಬೀಳಬೇಕು. ಇಲ್ಲಿ ಎಷ್ಟೋ ತೋಟಗಳ ಒಳಗೆ ಫೋನ್ ಸಿಗ್ನಲ್ಲೇ ಇಲ್ಲ. ಡ್ರೋನ್ ಎಲ್ಲಿದೆ ಎಂಬ ಮಾಹಿತಿ ಇಂಟರ್ನೆಟ್ ಮೂಲಕವೇ ಹೋಗಬೇಕು ಎಂದರೆ ನಾವು ಯಾರಿಗೂ ಕಾಣುವುದಿಲ್ಲ. ಡ್ರೋನೇ ನೇರವಾಗಿ ರೇಡಿಯೊದಲ್ಲಿ ತನ್ನ ಗುರುತು, ಜಾಗ, ಎತ್ತರವನ್ನು ಸಾರುತ್ತಿರಬೇಕು, ಹತ್ತಿರ ಬರುವ ಹೆಲಿಕಾಪ್ಟರ್‌ನಲ್ಲಿ ಅದನ್ನು ಹಿಡಿಯುವ ಉಪಕರಣ ಇರಬೇಕು.

ಏರ್ ಟ್ಯಾಕ್ಸಿಯದು ಇನ್ನೊಂದು ಸಮಸ್ಯೆ. ಅದು ಏರುವಾಗಲೂ ಇಳಿಯುವಾಗಲೂ ನಮ್ಮ 400 ಅಡಿಯನ್ನು ದಾಟಲೇಬೇಕು. ಹಾಗಾಗಿ ಯುಟಿಎಂ ಮತ್ತು ಕಂಟ್ರೋಲರ್‌ಗಳ ವ್ಯವಸ್ಥೆ ಎರಡೂ ಒಂದಕ್ಕೊಂದು ಮಾಹಿತಿ ಕೊಡುವಂತಾದ ಮೇಲೆಯೇ ಅದರಲ್ಲಿ ಜನರನ್ನು ಕೂರಿಸಬೇಕು.