ಬಾಲ ಎಲ್ಲಿಗೆ ನಿಲ್ಲಿಸ್ಬೇಕು ಅಂತ ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಸರ್, ಜೀವಕೋಶದ ಭಾಗಗಳು ಒಂದು ಅಳತೆಗೆ ಬೆಳೆದು ನಿಂತುಬಿಡುತ್ವಲ್ಲ, ಅಲ್ಲಿ ಟೇಪು ಹಿಡಿಯೋರು ಯಾರು? ಡಿಎನ್‌ಎಯಲ್ಲೇ ಇಷ್ಟು ಮೈಕ್ರಾನ್ ಅಂತ ಬರೆದಿರುತ್ತಾ?
(ಪಿಯು ವಿದ್ಯಾರ್ಥಿನಿ, ಶಿರಸಿ)

ಉತ್ತರ: ತುಂಬಾ ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಹಾಗೆ ನಂಬರ್ ಎಲ್ಲೂ ಬರೆದಿರಲ್ಲ. ಕ್ಲಾಮಿಡೊಮೊನಾಸ್ ಅಂತ ಒಂದು ಹಸಿರು ಪಾಚಿ ಇದೆ, ಒಂದೇ ಕೋಶದ್ದು, ಅದಕ್ಕೆ ಈಜೋಕೆ ಎರಡು ಬಾಲ (ನಿಮ್ಮ ಪುಸ್ತಕದಲ್ಲಿ ಫ್ಲಾಜೆಲ್ಲಾ ಅಂತ ಇರುತ್ತೆ), ಎರಡೂ ಹೆಚ್ಚುಕಮ್ಮಿ 10ರಿಂದ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಒಂದಕ್ಕೊಂದು ಸಮ. 1969ರಲ್ಲಿ ಜೋಯೆಲ್ ರೋಸೆನ್‌ಬಾಮ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ಒಂದು ಬಾಲ ಮಾತ್ರ ಮುರಿದು ನೋಡಿದ್ರು. ಮುರಿದದ್ದು ಬೆಳೀತು, ಅದು ಸರಿ, ಆದರೆ ಯಾರೂ ಮುಟ್ಟದೇ ಇದ್ದ ಇನ್ನೊಂದು ಬಾಲ ತಾನೇ ಗಿಡ್ಡ ಆಗ್ತಾ ಬಂತು! ಎರಡೂ ಸಮ ಆದಮೇಲೆ ಜೊತೆಜೊತೆಗೇ ಬೆಳೆದು ಹಳೇ ಉದ್ದಕ್ಕೆ ಬಂದು ನಿಂತ್ವು. ಇದನ್ನ ಎಷ್ಟು ಸಲ ಓದಿದ್ರೂ ನನಗೆ ಮೈ ಜುಮ್ ಅನ್ನುತ್ತೆ.

ಹೇಗೆ ಅಂದ್ರೆ, ಬಾಲ ಬೆಳೆಯೋದು ತುದೀಲಿ, ಅದರ ಇಟ್ಟಿಗೆ ಟ್ಯುಬುಲಿನ್ ಅನ್ನೋ ಪ್ರೋಟೀನು ತಯಾರಾಗೋದು ಕೋಶದ ಒಳಗೆ, ಹಂಗಾಗಿ ಬುಡದಿಂದ ತುದಿಗೆ ಹೊತ್ತು ಹಾಕ್ಬೇಕು, ಆ ಕೆಲಸಕ್ಕೆ ಕೈನೆಸಿನ್ ಅನ್ನೋ ಮೋಟಾರ್ ಪ್ರೋಟೀನುಗಳಿವೆ. ಮನೆ ಕಟ್ಟೋ ಕಡೆ ನೋಡಿರ್ತೀರಲ್ಲ, ಬಾಂಡ್ಲಿ ಹೊರೋ ಆಳುಗಳು ಅಷ್ಟೇ ಜನ, ಮಹಡಿ ಮೇಲಕ್ಕೆ ಹೋದಂಗೆ ಒಂದೊಂದು ಟ್ರಿಪ್ಪೂ ಲೇಟು, ಗಂಟೆಗೆ ಮೇಲೆ ಸೇರೋ ಮಾಲು ಕಮ್ಮಿ. ಬಾಲದಲ್ಲೂ ಹಂಗೇ. ಇನ್ನೊಂದು ಕಡೆ ತುದಿ ಯಾವಾಗಲೂ ಒಂದೇ ಸ್ಪೀಡಲ್ಲಿ ಕಳಚ್ತಾನೂ ಇರುತ್ತೆ, ಪೂರ್ತಿ ಬೆಳೆದ ಬಾಲದಲ್ಲೂ ಇದು ನಿಲ್ಲಲ್ಲ. ಸೇರೋದೂ ಕಳಚೋದೂ ಸರಿಸಮ ಆದ ಜಾಗವೇ ಅದರ ಉದ್ದ. ಗಿಡ್ಡ ಇರೋ ಬಾಲಕ್ಕೆ ಮಾಲು ಬೇಗ ಹೋಗುತ್ತೆ, ಅದಕ್ಕೇ ಮುರಿದದ್ದು ಭರಭರ ಬೆಳೆಯುತ್ತೆ. ಇದ್ದ ಸ್ಟಾಕು ಎರಡಕ್ಕೂ ಒಂದೇ ತಾನೇ, ಹಂಗಾಗಿ ಉದ್ದದ್ದಕ್ಕೆ ಬರೋದು ಕಮ್ಮಿಯಾಗಿ ಕಳಚೋದೇ ಮೇಲಾಗುತ್ತೆ. ರೋಸೆನ್‌ಬಾಮ್ ಮತ್ತು ವಾಲೆಸ್ ಮಾರ್ಷಲ್ 2001ರಲ್ಲಿ ಹೇಳಿದ ವಿವರಣೆ ಇದು. ಇಷ್ಟಕ್ಕೇ ಮುಗಿದಿಲ್ಲ, ಬಾಲ ಗಿಡ್ಡ ಇದ್ದಾಗ ಕೋಶ ಪ್ರತಿ ಟ್ರಿಪ್ಪಿಗೂ ಲೋಡೇ ಜಾಸ್ತಿ ಹಾಕಿ ಕಳಿಸುತ್ತೆ ಅಂತ ಆಮೇಲೆ ಗೊತ್ತಾಯ್ತು, ಕೆಲವು ಜೀನ್ ಕೆಟ್ರೆ ಬಾಲ ಮಾಮೂಲಿಗಿಂತ ತುಂಬಾ ಉದ್ದ ಬೆಳೆಯುತ್ತೆ ಅನ್ನೋದೂ ಇದೆ.

ಪಾಚಿ ಕಥೆ ನಮಗ್ಯಾಕೆ ಅನ್ಬೇಡಿ. ನಮ್ಮ ಕಿಡ್ನಿ ಕೋಶಗಳಲ್ಲೂ ಇಂಥದ್ದೇ ಪುಟ್ಟ ಸಿಲಿಯಾ (ಕೂದಲಿನಂಥ ಎಳೆಗಳು) ಇವೆ, ಇದೇ ಸಾಗಾಣಿಕೆಯಿಂದ ಬೆಳೆಯೋವು. ಆ ಸಾಗಾಣಿಕೆಯ ಒಂದು ಜೀನ್ ಕೆಟ್ಟ ಇಲಿಗಳಲ್ಲಿ ಸಿಲಿಯಾ ಗಿಡ್ಡ ಆಗಿ, ಕಿಡ್ನಿ ತುಂಬಾ ನೀರುಗುಳ್ಳೆ ಎದ್ದಿದ್ವು.