ರೋಸ್‌ಮೇರಿ, ಬಾಕುಚಿಯೋಲ್ ಬೇಕಾ? ಮನೆಯ ತಲೆಗೆಣ್ಣೆ ಸಾಕಾ?

ನೀವು ಒಂದೇ ಉಸಿರಿಗೆ ಮೂರು ವಿಷಯ ಕೇಳಿದ್ದೀರಿ. ರೋಸ್‌ಮೇರಿ ಎಣ್ಣೆ ಹಚ್ಚಿದರೆ ಉದುರಿದ ಕೂದಲು ವಾಪಸ್ ಬರುತ್ತದಾ? ಸುಕ್ಕು, ಕಲೆಗೆಂದು ಮುಖಕ್ಕೆ ಹಚ್ಚುವ ಬಾಕುಚಿಯೋಲ್ ಸೀರಮ್ ದುಬಾರಿ, ಅದರ ಬದಲು ಗ್ರಂಧಿಗೆ ಅಂಗಡಿಯ ಬಾವಂಚಿ ಎಣ್ಣೆಯನ್ನೇ ಮುಖಕ್ಕೆ ಹಚ್ಚಬಹುದಾ? ಇಷ್ಟೆಲ್ಲ ಬಂದಮೇಲೂ ಅಮ್ಮ ಕಾಸುವ ತಲೆಗೆಣ್ಣೆ ಹಚ್ಚುತ್ತಿರಬೇಕಾ? ನನ್ನ ಊರು ಶಿರಸಿ ಕಡೆ. ಬೆಂಗಳೂರಿನಲ್ಲಿ ಕ್ರೀಮು, ಎಣ್ಣೆಗಳ ಫಾರ್ಮುಲೇಶನ್ ನನ್ನ ಕೆಲಸ. ಹಾಗಾಗಿ ಈ ಎರಡೂ ಲೋಕ ನನಗೆ ಹತ್ತಿರದ್ದು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದರಲ್ಲಿ ಅಪಾಯ ಇರುವುದರಿಂದ. ಬಾವಂಚಿ ಎಣ್ಣೆಯನ್ನು ದಯವಿಟ್ಟು ಮುಖಕ್ಕೆ ಹಚ್ಚಬೇಡಿ. ಆ ಬೀಜದಲ್ಲಿ ಸೋರಾಲೆನ್ ಎಂಬ ರಾಸಾಯನಿಕ ಇದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಮಾಮೂಲಿಗಿಂತ ಬಹಳ ಬೇಗ ಸುಡುತ್ತದೆ. ತೊನ್ನಿಗೆ ಬಾವಂಚಿ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಆಸ್ಪತ್ರೆಗಳಲ್ಲಿ ಸೋರಾಲೆನ್ ಕೊಟ್ಟು ಯುವಿ ಬೆಳಕು ಹಾಯಿಸುವ ಚಿಕಿತ್ಸೆ ನಿಂತಿರುವುದೂ ಇದೇ ಗುಣದ ಮೇಲೆ. ಅಲ್ಲಿ ಎಷ್ಟು ಹೊತ್ತು, ಎಷ್ಟು ಬೆಳಕು ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುವವರ ಮುಖಕ್ಕೆ ಆ ಲೆಕ್ಕ ಇಡುವವರು ಯಾರು? ಗುಳ್ಳೆ ಏಳಬಹುದು, ಮಾಯ್ದ ಮೇಲೂ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು.

ಬಾಕುಚಿಯೋಲ್ ಸಿಗುವುದೂ ಅದೇ ಬೀಜದಲ್ಲಿ, ಆದರೆ ಅದು ಬೇರೆಯೇ ಅಣು. ಸೋರಾಲೆನ್ ತೆಗೆದು ಶುದ್ಧ ಮಾಡಿದ ಬಾಕುಚಿಯೋಲ್ ಸೀರಮ್ಮಿಗೆ ಹೋಗುತ್ತದೆ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಒಂದು ಅಧ್ಯಯನ ಬಂತು. 44 ಜನರಲ್ಲಿ ಕೆಲವರಿಗೆ 0.5% ಬಾಕುಚಿಯೋಲ್ ದಿನಕ್ಕೆ ಎರಡು ಸಲ, ಉಳಿದವರಿಗೆ ಸುಕ್ಕಿಗೆ ಮಾಮೂಲಾಗಿ ಹಚ್ಚುವ ವಿಟಮಿನ್ ಎ ರೂಪವಾದ ರೆಟಿನಾಲ್ 0.5% ಒಂದು ಸಲ, ಹೀಗೆ 12 ವಾರ. ಸುಕ್ಕು, ಕಪ್ಪು ಕಲೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಕಡಿಮೆಯಾದವು. ಉರಿ, ಸಿಪ್ಪೆ ಏಳುವುದು ರೆಟಿನಾಲ್ ಹಚ್ಚಿದವರಲ್ಲೇ ಹೆಚ್ಚು. ಸಣ್ಣ ಅಧ್ಯಯನ, ಆದರೂ ಈ ಟ್ರೆಂಡಿನ ಹಿಂದೆ ಏನೋ ಇದೆ ಎನ್ನುವಷ್ಟು ಗಟ್ಟಿ. ರೆಟಿನಾಲ್ ತಡೆಯದ ಚರ್ಮವಾದರೆ ಸೀರಮ್ ಕೊಳ್ಳಿ. ದುಡ್ಡು ಹೊಂದದಿದ್ದರೆ ಬಿಡಿ, ಆ ದುಡ್ಡಿಗೆ ಒಳ್ಳೆಯ ಸನ್‌ಸ್ಕ್ರೀನ್ ಬರುತ್ತದೆ.

ರೋಸ್‌ಮೇರಿ ವಿಷಯ. ರೀಲ್ಸ್‌ನಲ್ಲಿ ಎಲ್ಲರೂ ಉದ್ಧರಿಸುವುದು 2015ರಲ್ಲಿ ಇರಾನಿನಲ್ಲಿ ನಡೆದ ಒಂದೇ ಅಧ್ಯಯನ. ಆನುವಂಶಿಕವಾಗಿ ಕೂದಲು ತೆಳುವಾಗುತ್ತಿದ್ದ 100 ಜನರಲ್ಲಿ ಅರ್ಧ ಜನಕ್ಕೆ ರೋಸ್‌ಮೇರಿ, ಅರ್ಧ ಜನಕ್ಕೆ ಕೂದಲು ಬೆಳೆಯಲು ನೆತ್ತಿಗೆ ಹಚ್ಚುವ ಔಷಧಿಯಾದ ಮಿನಾಕ್ಸಿಡಿಲ್, 2% ಪ್ರಮಾಣದ್ದು. ಮೂರು ತಿಂಗಳಿಗೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆರು ತಿಂಗಳಿಗೆ ಎರಡರಲ್ಲೂ ಕೂದಲು ಸ್ವಲ್ಪ ಹೆಚ್ಚಿತ್ತು. ನಿಜ, ಆದರೆ ಏನೂ ಮದ್ದಿಲ್ಲದ ಮೂರನೇ ಗುಂಪು ಅದರಲ್ಲಿ ಇರಲಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಈಗ ಬರೆದುಕೊಡುವುದು 5% ಮಿನಾಕ್ಸಿಡಿಲ್. ಹೋಲಿಸಿದ್ದು ಅದಕ್ಕಿಂತ ದುರ್ಬಲವಾದ 2%ಕ್ಕೆ. "ಮಿನಾಕ್ಸಿಡಿಲ್‌ಗೆ ಸಮ" ಎಂದು ಬಾಟಲಿ ಮಾರುವವರು ಈ ಎರಡು ಮಾತನ್ನು ಹೇಳುವುದಿಲ್ಲ. ಹಚ್ಚಿ ನೋಡುತ್ತೇನೆ ಎಂದರೆ ಬೇಡ ಅನ್ನುವುದಿಲ್ಲ. ಬರೀ ಸುಗಂಧ ತೈಲವನ್ನು ನೇರ ತಲೆಗೆ ಸುರಿದುಕೊಳ್ಳಬೇಡಿ, 30 ಮಿಲಿ ಕೊಬ್ಬರಿ ಎಣ್ಣೆಗೆ ಐದಾರು ಹನಿ ಸಾಕು. ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ನೋಡಿ. ಆಮೇಲೆ ಆರು ತಿಂಗಳ ತಾಳ್ಮೆ ಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮೂರು ತಿಂಗಳ ಹಿಂದೆ ಡೆಂಗ್ಯೂ ಬಂದಿತ್ತು, ಈಗ ಬಾಚಿದರೆ ಗೊಂಚಲುಗೊಂಚಲು ಕೂದಲು ಬರುತ್ತಿದೆ ಎಂದು ಬರೆದಿದ್ದೀರಿ. ನಿಮ್ಮ ಉತ್ತರ ಬಹುತೇಕ ಅಲ್ಲೇ ಇದೆ. ಜೋರು ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಹಠಾತ್ತಾಗಿ ತೂಕ ಇಳಿಸುವುದು, ಇಂಥದ್ದೇನಾದರೂ ಆದಾಗ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿ ಹಂತಕ್ಕೆ ಹೋಗುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ. ಬುಡ ಸತ್ತಿರುವುದಿಲ್ಲ, ಹೆಚ್ಚಿನವರಿಗೆ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಂತು ಹೊಸ ಕೂದಲು ಬರುತ್ತದೆ. ಗಾಬರಿ ಹೆಚ್ಚಿರುವ ಹೊತ್ತಿಗೇ ನಾವು ಹೊಸ ಎಣ್ಣೆ ಕೊಳ್ಳುತ್ತೇವೆ, ಬಾಟಲಿ ಮುಗಿಯುವ ಹೊತ್ತಿಗೆ ಹಣೆಯ ಅಂಚಿನಲ್ಲಿ ಮೋಟು ಕೂದಲು ಕಾಣಿಸುತ್ತದೆ, ಹೆಸರು ಎಣ್ಣೆಗೆ ಹೋಗುತ್ತದೆ. ಈರುಳ್ಳಿ ಎಣ್ಣೆ, ರೋಸ್‌ಮೇರಿ, ಅಕ್ಕಿ ತೊಳೆದ ನೀರು, ಇವುಗಳಿಗೆ ಬಂದ ಪವಾಡದ ಖ್ಯಾತಿಯಲ್ಲಿ ಎಷ್ಟೋ ಪಾಲು ಹೀಗೆ ಬಂದದ್ದು ಎಂದೇ ನನ್ನ ನಂಬಿಕೆ. ಎಣ್ಣೆಗಿಂತ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ತೀರಾ ಸಾಮಾನ್ಯ, ಅದನ್ನು ಯಾವ ಎಣ್ಣೆಯೂ ತುಂಬುವುದಿಲ್ಲ.

ಹಾಗಾದರೆ ಎಣ್ಣೆ ಮಾಡುವುದೇನು? ಇರುವ ಕೂದಲನ್ನು ಕಾಪಾಡುವುದು. ಅದು ಸಣ್ಣ ಕೆಲಸವಲ್ಲ. ನೀರು ಕುಡಿದ ಕೂದಲು ಮಳೆಗೆ ನೆನೆದ ಹಗ್ಗದಂತೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ರತಿ ತಲೆಸ್ನಾನದಲ್ಲೂ ಹೀಗಾಗಿ ಮೇಲ್ಪದರದ ಹುರುಪೆಗಳು ಎದ್ದು ಒಳಗಿನ ಪ್ರೋಟೀನ್ ಕಳೆದುಹೋಗುತ್ತದೆ. 2003ರಲ್ಲಿ ಮುಂಬೈನ ರೇಲೆ, ಮೋಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ಬರುವ ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಕಂಪನಿಯಲ್ಲಿದ್ದವರು, ಅದನ್ನೂ ತಿಳಿದುಕೊಂಡೇ ಓದಬೇಕು. ಆದರೆ ಕಾರಣ ಸ್ಪಷ್ಟವಿದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರ, ಕೂದಲಿನೊಳಗೆ ಇಳಿಯುತ್ತದೆ. ಮಿನರಲ್ ಆಯಿಲ್ ಮೇಲೆಯೇ ನಿಂತು ಹೊಳಪು ಕೊಡುತ್ತದೆ, ಒಳಗೆ ಹೋಗುವುದಿಲ್ಲ. ಆದ್ದರಿಂದ ಎಣ್ಣೆ ಹಚ್ಚಬೇಕಾದದ್ದು ಸ್ನಾನಕ್ಕೆ ಮೊದಲು, ಕೂದಲಿನ ಉದ್ದಕ್ಕೆ, ತುದಿಗೆ. ಎಣ್ಣೆ ತಿಕ್ಕಿಕೊಂಡು ಸೀಗೆಪುಡಿಯಲ್ಲೋ ಮತ್ತಿಸೊಪ್ಪಿನ ಗೊಂಪಿನಲ್ಲೋ ತಲೆ ತೊಳೆಯುವ ನಮ್ಮ ಎಣ್ಣೆಸ್ನಾನ ಇದನ್ನೇ ಮಾಡಿಕೊಂಡು ಬಂದಿದೆ.

ಹರಳೆಣ್ಣೆ ಬರೀ ಹಚ್ಚಬೇಡಿ. ಅದು ಅಂಟು. ಹಚ್ಚಿಕೊಂಡು ತೊಳೆಯುವಾಗ ಉದ್ದ ಕೂದಲು ಬಿಡಿಸಲಾಗದಂತೆ ಗಂಟುಗಟ್ಟಿ ಕತ್ತರಿಸಬೇಕಾಗಿ ಬಂದದ್ದು ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ಹೊಟ್ಟು ಇದ್ದರೆ ರಾತ್ರಿಯಿಡೀ ನೆತ್ತಿಗೆ ಯಾವ ಎಣ್ಣೆಯನ್ನೂ ಬಿಡಬೇಡಿ. ಹೊಟ್ಟಿಗೆ ಸಂಬಂಧಪಟ್ಟ ಮಲಾಸೇಜಿಯಾ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬೇ ಆಹಾರ. ಅದಕ್ಕೆ ಶಿಲೀಂಧ್ರ ತಗ್ಗಿಸುವ ಕೀಟೋಕೊನಜೋಲ್ ಶಾಂಪೂ ಇದೆ.

ಅಮ್ಮನ ಎಣ್ಣೆ ಬಿಡಬೇಡಿ. ನಮ್ಮಮ್ಮನೂ ತೋಟದ ತೇವದ ಅಂಚಿನಿಂದ ಗರುಗದ ಸೊಪ್ಪು ಕಿತ್ತು ತರುತ್ತಾಳೆ. ಅರೆದು ಹಿಂಡುವಷ್ಟರಲ್ಲಿ ಬೆರಳೆಲ್ಲ ಕಪ್ಪು. ಆ ರಸ, ಒಂದು ಹಿಡಿ ದಾಸವಾಳದ ಎಲೆ, ಕರಿಬೇವು, ಸ್ವಲ್ಪ ಮೆಂತ್ಯ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಇಡುತ್ತಾಳೆ. ಶುರುವಿಗೆ ಚಟಪಟ ಸದ್ದು, ಕ್ರಮೇಣ ಅದು ಇಳಿಯುತ್ತದೆ. ಆಗ ತಳದ ಗಸಿಯನ್ನು ಚೂರು ತೆಗೆದು ಬೆರಳಲ್ಲಿ ಹೊಸೆಯುತ್ತಾಳೆ. ಬತ್ತಿಯಾಗಿ ನಿಂತರೆ, ಅದನ್ನು ಒಲೆಗೆ ಹಾಕಿದಾಗ ಸಿಡಿಯದಿದ್ದರೆ, ಎಣ್ಣೆ ಇಳಿಸಬಹುದು. ಆಯುರ್ವೇದದಲ್ಲೂ ತೈಲಪಾಕಕ್ಕೆ ಇದೇ ಪರೀಕ್ಷೆ. ಕಲ್ಕ (ಅರೆದ ಸೊಪ್ಪಿನ ಮುದ್ದೆ) 1, ಎಣ್ಣೆ 4, ರಸ 16 ಎಂಬ ಅಳತೆಯೂ ಉಂಟು. ನಾವು ಲ್ಯಾಬಿನಲ್ಲಿ ಯಂತ್ರವಿಟ್ಟು ನೋಡುವ ನೀರಿನಂಶವನ್ನು ಅವಳು ಬೆರಳು, ಕಿವಿಯಲ್ಲಿ ನೋಡುತ್ತಾಳೆ. ನೀರು ಉಳಿದರೆ ಎಣ್ಣೆ ಮುಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ. ಯೂಟ್ಯೂಬ್ ನೋಡಿ ಹಸಿ ಸೊಪ್ಪು, ಈರುಳ್ಳಿ ರಸವನ್ನು ಹಾಗೇ ಎಣ್ಣೆಗೆ ಬೆರೆಸಿ ಬಾಟಲಿಗೆ ತುಂಬುವವರು ಬಿಡುವುದು ಈ ಹಂತವನ್ನೇ. ಗರುಗದಿಂದ ಕೂದಲು ಹುಟ್ಟುತ್ತದೆ ಎನ್ನಲು ಇಲಿಗಳ ಮೇಲಿನ ಪ್ರಯೋಗಗಳಿವೆ, ಮನುಷ್ಯರಲ್ಲಿ ಗಟ್ಟಿ ಪುರಾವೆ ಕಡಿಮೆ. ಕೊಬ್ಬರಿ ಎಣ್ಣೆಯ ಕೆಲಸವಂತೂ ಅದರಲ್ಲಿ ಪೂರ್ತಿ ಇದೆ. ಅಂಗಡಿಯ "ಹರ್ಬಲ್" ತೈಲ ಕೊಳ್ಳುವುದಾದರೆ ಬಾಟಲಿಯ ಬೆನ್ನು ಓದಿ. ಹೆಚ್ಚು ಪ್ರಮಾಣದಲ್ಲಿರುವುದನ್ನು ಮೊದಲು ಬರೆದಿರುತ್ತಾರೆ. ಮುಂದೆ ನೆಲ್ಲಿಕಾಯಿ ಚಿತ್ರ, ಹಿಂದೆ ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಎಂದಿದ್ದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಮಿನರಲ್ ಆಯಿಲ್. ವಿಷವೇನಲ್ಲ, ಆದರೆ ನೆಲ್ಲಿಕಾಯಿಯ ಬೆಲೆ ಕೊಡಬೇಕಾಗಿಲ್ಲ.

ಮುಖದ ಬಗ್ಗೆ ಇನ್ನೆರಡು ಮಾತು. ನಿಮಗೆ ಮೊಡವೆ ಇರುವುದರಿಂದ ಕೊಬ್ಬರಿ ಎಣ್ಣೆ ಮುಖಕ್ಕೆ ಬೇಡ, ತಲೆಯಿಂದ ಹಣೆಗೆ ಇಳಿಯದಂತೆಯೂ ನೋಡಿಕೊಳ್ಳಿ. ಆಲಿವ್ ಎಣ್ಣೆಯೂ ಬೇಡ. 2013ರ ಒಂದು ಅಧ್ಯಯನದಲ್ಲಿ ಅದು ಚರ್ಮದ ರಕ್ಷಣಾ ಪದರವನ್ನು ದುರ್ಬಲಗೊಳಿಸಿತ್ತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಒಡೆದ ಹಿಮ್ಮಡಿಗೆ ಶಿಯಾ ಬಟರ್ ತರಿಸಲಾ ಎಂದು ಕೇಳಿದ್ದೀರಿ. ಪಶ್ಚಿಮ ಆಫ್ರಿಕಾದಿಂದ ಬರುವ ಆ ಬೆಣ್ಣೆ ಒಳ್ಳೆಯದೇ, ಆದರೆ ನಮ್ಮ ಉತ್ತರ ಕನ್ನಡದ ಮುರುಗಲು (ಕೋಕಂ) ತುಪ್ಪ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬನ್ನು ತೆಗೆದು ಗಟ್ಟಿ ಮಾಡಿದ್ದು. ಸುಮಾರು 40 ಡಿಗ್ರಿಗೆ ಕರಗುವುದರಿಂದ ಬೇಸಿಗೆಯಲ್ಲೂ ಗಟ್ಟಿಯಾಗೇ ಇರುತ್ತದೆ. ಮಲಗುವ ಮುಂಚೆ ಕಾಲು ತೊಳೆದು ಒರೆಸಿ, ತೇವ ಆರುವ ಮೊದಲೇ ಚೂರು ಬಿಸಿ ಮಾಡಿ ತಿಕ್ಕಿ, ಸಾಕ್ಸ್ ಹಾಕಿಕೊಳ್ಳಿ. ಶಿರಸಿ, ಸಿದ್ದಾಪುರ ಕಡೆಯವರು ಯಾರಾದರೂ ಪರಿಚಯ ಇದ್ದರೆ ಅವರಿಗೇ ಹೇಳಿ ತರಿಸಿ. ಅಚ್ಚ ಬಿಳಿ ಇಲ್ಲವಲ್ಲ ಎಂದು ಅನುಮಾನ ಪಡಬೇಡಿ, ಮನೆಯಲ್ಲಿ ಕಾಸಿದ್ದಕ್ಕೆ ನಸುಬಣ್ಣ ಇದ್ದೇ ಇರುತ್ತದೆ.